ತಿದ್ದದೆ ಉಳಿದ ಫಾರಂ

ಗಂಡನ ಪತ್ರ ಬಾರದೆ ಒಂಬತ್ತು ದಿನವಾಗಿತ್ತು. ಆದರೆ ಅವಳನ್ನು ಕೊರೆಯುತ್ತಿದ್ದದ್ದು ಪತ್ರವಲ್ಲ, ಒಂದು ಫಾರಂ. ವಾಯುಪಡೆಗೆ ಸೇರಿದ ದಿನ ಗಂಡ ತುಂಬಿಕೊಟ್ಟದ್ದು: ಏನಾದರೂ ಆದರೆ ಸುದ್ದಿ ಯಾರಿಗೆ ಮುಟ್ಟಿಸಬೇಕು? ಅಮ್ಮನಿಗೆ. ಮದುವೆಯಾದ ಮೇಲೆ ಅದನ್ನು ತಿದ್ದಿಸೆಂದು ಇವಳು ಮೂರು ಸಲ ಹೇಳಿದ್ದಳು.

"ಗುಮಾಸ್ತ ಊಟಕ್ಕೆ ಹೋಗಿದ್ದ ಕಣೇ. ಮುಂದಿನ ಸಲ ಖಂಡಿತ."

ವಿಮಾನಕ್ಕೆ ದಾರಿ ಹೇಳುವುದು ಅವನ ಕೆಲಸ. ನಕ್ಷೆ, ಅಳತೆಪಟ್ಟಿ, ಚೂಪಾಗಿ ಹೆರೆದ ಎರಡು ಪೆನ್ಸಿಲ್. ಮೋಡದ ನಡುವೆ ಸಮುದ್ರ ದಾಟಿಸಿ ಏಳು ಜನರನ್ನು ವಾಪಸು ತರುತ್ತಿದ್ದ ಈ ಮಹಾಶಯ, ಮದುವೆಯ ದಿನ ತಪ್ಪು ಸ್ಟಾಪಿನಲ್ಲಿ ಇಳಿದು, ನೋಂದಣಿ ಕಚೇರಿಯೆಂದುಕೊಂಡು ಹಲ್ಲಿನ ಡಾಕ್ಟರ ಬಾಗಿಲಲ್ಲಿ ಅರ್ಧ ಗಂಟೆ ಕೂತಿದ್ದ.

"ಎಲ್ರ ಮುಖಾನೂ ಸಪ್ಪಗಿತ್ತು. ಮದುವೆಗೆ ಬಂದವರೇ ಇರಬೇಕು ಅಂದ್ಕೊಂಡೆ" ಎಂದ ಆಮೇಲೆ.

ಸಂಸಾರ ಅಂತ ನಡೆದದ್ದು ಹನ್ನೊಂದು ದಿನದ ರಜೆಯಲ್ಲಿ, ಬಾಡಿಗೆಯ ಒಂದು ಕೋಣೆಯಲ್ಲಿ. ಕುಂಟುತ್ತಿದ್ದ ಮೇಜಿನ ಕಾಲಿಗೆ ಹಳೆಯ ನಕ್ಷೆಯೊಂದನ್ನು ಮಡಿಸಿಟ್ಟದ್ದೇ ಅವನು ಮಾಡಿದ ಮನೆಗೆಲಸ. ಅತ್ತೆ ಮದುವೆಗೆ ಬಂದಿರಲಿಲ್ಲ. "ಆ ಟೆಲಿಫೋನ್ ಹುಡುಗಿ ಹೆಸರು ನನ್ನ ಮುಂದೆ ಎತ್ತಬೇಡ" ಎಂದಿದ್ದರು. ಮಗ ವಿಧೇಯ, ಎತ್ತಲಿಲ್ಲ.

ಟೆಲಿಫೋನ್ ಹುಡುಗಿಯೇ ಹೌದು. ಎಕ್ಸ್‌ಚೇಂಜಿನಲ್ಲಿ ಕೂತು ಊರಿಗೆಲ್ಲ ಮಾತು ಕೂಡಿಸುವವಳು. ಒಂದು ನಂಬರಿಗೆ ಮಾತ್ರ ಅವಳ ಕೈ ಏಳದು. ಕೆಟ್ಟ ಸುದ್ದಿಯಿದ್ದರೆ ಅದು ಅತ್ತೆಯ ಮನೆಯಲ್ಲಿದೆ. ಕೇಳುವ ತನಕ ಅವನು ಬದುಕಿದ್ದಾನೆ.

"ನೀನು ಮಾಡ್ತೀಯೋ, ನಾನೇ ಲೈನ್ ಕೊಡ್ಲೋ?" ಪಕ್ಕದ ಕುರ್ಚಿಯ ಹಿರಿಯಾಕೆ ಗದರಿದಳು. "ಬೈದ್ರೆ ಬೈತಾರೆ. ಕಿವಿಯೇನೂ ಉದುರಿ ಬೀಳಲ್ಲ."

ಕೊನೆಗೆ ಇವಳೇ ಲೈನ್ ಕೂಡಿಸಿದಳು. ಗಂಟೆ ಒಮ್ಮೆ ಬಾರಿಸುವಷ್ಟರಲ್ಲೇ ಆಚೆ ಕಡೆ ಎತ್ತಿದರು.

"ನಾನು..." ಮುಂದೆ ಏನನ್ನುವುದು? "ನಿಮ್ಮ ಸೊಸೆ."

"ಎಲ್ಲಿ ಹಾಳಾಗಿ ಹೋಗಿದ್ಯೇ ಇಷ್ಟು ದಿನ?" ಅತ್ತೆಯ ದನಿ ಒಡೆದಿತ್ತು. "ತಂತಿ ಬಂದು ಆರು ದಿನ ಆಯ್ತು. ವಿಮಾನ ಸಮುದ್ರಕ್ಕೆ ಬಿತ್ತಂತೆ. ಒಬ್ರೂ ಉಳಿದಿಲ್ಲ ಕಣೇ, ನಮ್ಮೋನೂ ಇಲ್ಲ."

ಅವಳು ಮೇಜಿನ ಅಂಚು ಹಿಡಿದುಕೊಂಡಳು.

"ನಿನಗೆ ಹೇಳೋಣ ಅಂದ್ರೆ ವಿಳಾಸ ಇಲ್ಲ. ಎಕ್ಸ್‌ಚೇಂಜಿಗೇ ಮಾಡಿದ್ದೆ. 'ಯಾರು ಬೇಕು, ಹೆಸರು ಹೇಳಿ' ಅಂದ್ರು. ಸೊಸೆ ಹೆಸರು ಗೊತ್ತಿಲ್ಲ ಅನ್ನೋಕೆ ನಾಚಿಕೆಯಾಗಿ ಇಟ್ಟುಬಿಟ್ಟೆ." ಅತ್ತೆ ದನಿ ತಗ್ಗಿಸಿದರು. "ಏನಮ್ಮಾ ನಿನ್ನ ಹೆಸರು?"

ಹೇಳಿದಳು. ಆಚೆ ಕಡೆ ಅತ್ತೆ ಬರೆದುಕೊಳ್ಳಲು ಪೆನ್ಸಿಲ್ ತಡಕಾಡುವುದು ಕೇಳಿಸಿತು.