ಒಬ್ಬರಿಗೇ ಸಾಲದ ಗೋಡೆ

ಬೇಕರಿಯ ಹಿಂದಿನ ಓಣಿಯಲ್ಲಿ ಒಂದು ಗೋಡೆಯಿದೆ. ಗೋಡೆಯ ಆಚೆ ಬದಿಗೆ ದೊಡ್ಡ ಒಲೆ, ಈಚೆ ಬದಿಗೆ ಗುಂಡಿಯಕ್ಕ. ಒಲೆ ಪೂರ್ತಿ ಆರಿದ್ದನ್ನು ಓಣಿಯವರು ಕಂಡಿಲ್ಲ. ಗುಂಡಿಯಕ್ಕ ಗಂಟುಮೂಟೆ ಕಟ್ಟಿಕೊಂಡು ಅಲ್ಲಿಂದ ಎದ್ದು ಹೋದದ್ದನ್ನೂ ಯಾರೂ ಕಂಡಿರಲಿಲ್ಲ, ಆ ಬೇಸಿಗೆ ಬರುವ ತನಕ.

ಅವಳ ಕೆಲಸ ಗುಂಡಿ ಹಚ್ಚುವುದು. ಅಂಗಿಯದು, ಕೋಟಿನದು, ದಿಂಬಿನ ಚೀಲದ್ದು. ಜೊತೆಗೆ ಹೊಲಿಗೆ ಬಿಟ್ಟದ್ದು, ಇಲಿ ಕಡಿದದ್ದು, ಜಿಪ್ಪು ಕೈಕೊಟ್ಟದ್ದು. ಪಕ್ಕದಲ್ಲಿ ಒಂದು ತಗಡಿನ ಪೆಟ್ಟಿಗೆ, ಅದರೊಳಗೆ ಜಗತ್ತಿನ ಎಲ್ಲ ಬಣ್ಣದ ಗುಂಡಿಗಳು. ಗುಂಡಿ ಹಚ್ಚುವವಳು ಅಂತ ಗುಂಡಿಯಕ್ಕನೋ, ಗುಂಡಿಗೆ ಬಿದ್ದವಳು ಅಂತ ಗುಂಡಿಯಕ್ಕನೋ ಎಂದು ಗಿರಾಕಿಗಳು ಕಾಲೆಳೆಯುತ್ತಿದ್ದರು. ಅವಳು ಸೂಜಿಗೆ ದಾರ ಪೋಣಿಸುತ್ತಲೇ, ಎರಡೂ ಹೌದು, ಕೂಲಿ ಮಾತ್ರ ಮೊದಲನೆಯದಕ್ಕೆ ಕೊಟ್ಟರೆ ಸಾಕು ಅನ್ನುತ್ತಿದ್ದಳು.

ಚಳಿ ವಾಸಿಯೋ ಸೆಕೆ ವಾಸಿಯೋ ಅನ್ನುವುದು ಮನೆಯೊಳಗಿದ್ದವರಿಗೆ ಒಳ್ಳೆಯ ಹರಟೆ. ಕಿಟಕಿ ಹಾಕಿಕೊಂಡು, ಕಾಲು ಚಾಚಿಕೊಂಡು, ಎಷ್ಟು ಹೊತ್ತು ಬೇಕಾದರೂ ವಾದ ಮಾಡಬಹುದು. ಬಯಲಿನಲ್ಲಿ ಬದುಕುವವರನ್ನು ಕೇಳಿದರೆ ಅವರು ಯಾಕೋ ಕೇಳಿದವರ ಮುಖ ನೋಡುತ್ತಾರೆ. ಗುಂಡಿಯಕ್ಕ ಮಾತ್ರ ಉತ್ತರ ಕೊಡುತ್ತಿದ್ದಳು. ಸೆಕೆಯೇ ವಾಸಿ, ಅದು ಹಿಂಸೆ ಕೊಟ್ಟರೂ ಎಚ್ಚರದಲ್ಲಿಟ್ಟು ಕೊಡುತ್ತೆ. ಚಳಿ ಹಾಗಲ್ಲ, ಚಳಿ ತಟ್ಟಿ ಮಲಗಿಸುತ್ತೆ, ಆಮೇಲೆ ಏಳಿಸುವುದನ್ನು ಮರೆಯುತ್ತೆ.

ಇದನ್ನು ಅವಳು ಎಲ್ಲೋ ಕೇಳಿ ಹೇಳಿದ್ದಲ್ಲ. ರಸ್ತೆ ಅಗಲ ಮಾಡುವವರು ಅವರ ಬಾಡಿಗೆ ಕೋಣೆಯನ್ನು ಕೆಡವಿದ ಮೇಲೆ ಅವಳು, ಅವಳ ಗಂಡ, ಮೈದುನ ಮೂವರೂ ಕಾಲುವೆಯ ಸೇತುವೆಯ ಕೆಳಗೆ ಬಿಡಾರ ಮಾಡಿದ್ದರು. ಗಂಡ ಗೋದಾಮಿನಲ್ಲಿ ಚೀಲ ಹೊರುವವನು. ಮೈದುನ ಸೈಕಲ್ಲಿಗೆ ಸಾಣೆಕಲ್ಲು ಕಟ್ಟಿಕೊಂಡು ಚಾಕು ಕತ್ತರಿ ಹರಿತ ಮಾಡುವವನು. ಹೀಗಾಗಿ ಅವನನ್ನು ಎಲ್ಲರೂ ಸಾಣೆ ಅಂತಲೇ ಕರೆಯುತ್ತಿದ್ದರು. ಚಳಿಗಾಲ ಹತ್ತಿರ ಬಂದಾಗ ಅವಳು ಬೇರೆ ಕಡೆ ನೋಡೋಣ ಅಂದಳು. ಸಾಣೆ ನಕ್ಕುಬಿಟ್ಟ. ಚಳಿಗೆ ಹೊದ್ದುಕೊಳ್ಳಬಹುದು, ಬೆಂಕಿ ಹಾಕಬಹುದು, ಎದ್ದು ಕುಣಿಯಬಹುದು. ಸೆಕೆಗೆ ಏನು ಚರ್ಮ ಬಿಚ್ಚಿಡೋಕಾಗುತ್ತಾ ಅತ್ತಿಗೆ ಎಂದ. ಗಂಡ ತಮ್ಮನ ಮಾತಿಗೆ ತಲೆಯಾಡಿಸಿದ. ಆ ಚಳಿಗಾಲದ ಒಂದು ಬೆಳಿಗ್ಗೆ ಗಂಡ ಏಳಲಿಲ್ಲ. ಮೂರು ಜನರ ಹೊದಿಕೆಗಳೂ ಅವನ ಮೇಲೆಯೇ ಇದ್ದವು.

ಅವಳು ಅಳುವುದನ್ನು ಮುಗಿಸಿದ ಮೇಲೆ ಪೆಟ್ಟಿಗೆ ಹೊತ್ತುಕೊಂಡು ಹೊರಟಳು. ಊರೆಲ್ಲ ಸುತ್ತಿ ಈ ಗೋಡೆಯನ್ನು ಬೆನ್ನಿನಿಂದ ಕಂಡುಹಿಡಿದಳು. ಒರಗಿದ್ದೇ ತಡ, ಬೆಚ್ಚಗಾಯಿತು. ಇದು ಒಂದು ತಿಂಗಳ ಮುಂಚೆ ಸಿಕ್ಕಿದ್ದರೆ ಎಂದು ಅಲ್ಲೇ ಕುಸಿದು ಮತ್ತೊಮ್ಮೆ ಅತ್ತಳು.

ಸ್ವಲ್ಪ ದಿನಕ್ಕೆ ಸಾಣೆಯೂ ಹುಡುಕಿಕೊಂಡು ಬಂದ. ಚಳಿಗೆ ತುಟಿ ಒಡೆದಿತ್ತು. ಗೋಡೆಯ ಕಡೆ ನೋಡುತ್ತ ನಿಂತ. ಅವಳಿಗೆ ಸೇತುವೆಯ ಕೆಳಗಿನ ಅವನ ನಗು ನೆನಪಾಯಿತು.

"ಒಬ್ಬರಿಗೇ ಸಾಲಲ್ಲ ಇದು," ಎಂದಳು.

ಅವನು ಸೈಕಲ್ಲು ತಿರುಗಿಸಿಕೊಂಡು ಮತ್ತೆ ಸೇತುವೆಯ ಕಡೆಗೇ ಹೋದ. ನಿಜ ಏನೆಂದರೆ ಗೋಡೆ ಇಬ್ಬರಿಗೆ ಧಾರಾಳವಾಗಿತ್ತು. ಗಾರೆ ಕಪ್ಪಾದಷ್ಟು ಉದ್ದಕ್ಕೂ ಬಿಸಿ ಇರುತ್ತಿತ್ತು, ಅದರ ಅರ್ಧಕ್ಕೆ ಅವಳು ತಗಡಿನ ಪೆಟ್ಟಿಗೆಯನ್ನು ಒತ್ತರಿಸಿಟ್ಟಿದ್ದಳು. ಜಾಗ ಕೇಳಿಕೊಂಡು ಬಂದವರಿಗೆಲ್ಲ ಅದೇ ಉತ್ತರ, ಒಬ್ಬರಿಗೇ ಸಾಲಲ್ಲ. ಹೇಳಿ ಹೇಳಿ ಅವಳೂ ಅದನ್ನು ನಂಬಿಬಿಟ್ಟಿದ್ದಳು.

ಚಳಿಗಾಲದಲ್ಲಿ ಬಯಲಿನವರೆಲ್ಲ ಅವಳನ್ನು ಕಂಡು ಕರುಬುತ್ತಿದ್ದರು. ಬೇಸಿಗೆಯಲ್ಲಿ ಅದೇ ಜನ ಅಯ್ಯೋ ಪಾಪ ಅನ್ನುತ್ತಿದ್ದರು. ಮೇಲೆ ಬಿಸಿಲು, ಬೆನ್ನಿಗೆ ಒಲೆ, ಕೆಳಗೆ ಕಾದ ಕಲ್ಲು. ಬೇರೆ ಕಡೆ ಹೋಗಬಾರದೇ ಅಂದರೆ, ಹೋಗಬಹುದು, ಬರೋದು ಹೇಗೆ ಅನ್ನುತ್ತಿದ್ದಳು. ಬೀದಿಯ ಲೆಕ್ಕವೇ ಅಷ್ಟು: ಮೈ ಇದ್ದಷ್ಟು ದಿನ ಜಾಗ. ಬೇಸಿಗೆಯಲ್ಲಿ ಬಿಟ್ಟ ಗೋಡೆ ಚಳಿಗಾಲಕ್ಕೆ ಸಿಗುವುದಿಲ್ಲ. ಚಳಿಯ ಭಯಕ್ಕೆ ಅವಳು ಬೇಸಿಗೆಯೆಲ್ಲ ಅಲ್ಲೇ ಬೇಯುತ್ತಿದ್ದಳು. ಯಾರೂ ಕಟ್ಟಿಹಾಕಿರಲಿಲ್ಲ, ಆದರೆ ಕಟ್ಟಿಹಾಕಿದ್ದರೂ ಅದಕ್ಕಿಂತ ಗಟ್ಟಿಯಾಗಿ ಕಟ್ಟಲು ಆಗುತ್ತಿರಲಿಲ್ಲ.

ಆ ಬೇಸಿಗೆ ಹಿಂದಿನವುಗಳ ಹಾಗಿರಲಿಲ್ಲ. ಸೂಜಿ ಮುಟ್ಟಿದರೆ ಸುಡುತ್ತಿತ್ತು. ಒಂದು ಮಧ್ಯಾಹ್ನ ಯಾರದೋ ಅಂಗಿಗೆ ಗುಂಡಿ ಹಚ್ಚುತ್ತ ಹಚ್ಚುತ್ತ ಅದನ್ನು ತನ್ನ ಸೆರಗಿಗೇ ಸೇರಿಸಿ ಹೊಲಿದುಬಿಟ್ಟಳು, ಅದನ್ನು ಬಿಡಿಸಲು ಹೋಗಿ ಪಕ್ಕಕ್ಕೆ ಉರುಳಿದಳು. ಒಲೆಯ ಮುಂದೆ ಕೆಲಸ ಮಾಡುವ ಆಳು ಓಡಿಬಂದು ನೀರು ಸುರಿದ. ಒಳಗಿರೋ ನನಗಾದರೂ ಹೊರಗೆ ಬರೋಕೆ ಬಾಗಿಲಿದೆ, ಹೊರಗಿರೋ ನಿನಗೆ ಅದೂ ಇಲ್ಲವಲ್ಲಕ್ಕ ಎಂದು ಬೈದ. ಧರ್ಮಾಸ್ಪತ್ರೆಯ ನರ್ಸಮ್ಮ ಕೈ ಹಿಡಿದು ನೋಡಿ, ಇದೇ ಗೋಡೆಗೆ ಒರಗಿದ್ದರೆ ಚಳಿಗಾಲ ನೋಡುವುದಿಲ್ಲ ನೀನು ಎಂದು ಮುಖದ ಮೇಲೆ ಹೊಡೆದ ಹಾಗೆ ಹೇಳಿದಳು.

ಸುದ್ದಿ ಸಾಣೆಯ ಕಿವಿಗೂ ಬಿತ್ತು. ಮಾರನೆಯ ದಿನವೇ ಬಂದು, ಬೇಸಿಗೆ ಮುಗಿಯೋ ತನಕ ನೀವು ಸೇತುವೆ ಕೆಳಗಿರಿ, ನಾನಿಲ್ಲಿ ಕೂತಿರ್ತೀನಿ ಎಂದ. ಅವಳು ಅವನನ್ನು ಮೇಲಿಂದ ಕೆಳಗಿನವರೆಗೆ ನೋಡಿದಳು. ಸಿಕ್ಕಿದ ಗೋಡೆಯನ್ನು ಯಾರಾದರೂ ಹಿಂದಕ್ಕೆ ಕೊಟ್ಟದ್ದು ಉಂಟೇ. ಅದೂ ಒಬ್ಬರಿಗೇ ಸಾಲಲ್ಲ ಅಂತ ಅನ್ನಿಸಿಕೊಂಡು ಹೋದವನು. ಆದರೆ ಬೇರೆ ದಾರಿ ಇರಲಿಲ್ಲ. ಗಂಡ ಸತ್ತ ಜಾಗಕ್ಕೆ ಉಸಿರಾಡಲು ಹೋಗಬೇಕಾಯಿತಲ್ಲ ಎಂದು ಹಣೆ ಚಚ್ಚಿಕೊಂಡು, ಸೂಜಿದಾರದ ಚೀಲ ಹಿಡಿದು ಹೊರಟಳು. ಪೆಟ್ಟಿಗೆಯನ್ನು ಮಾತ್ರ ಇದ್ದಲ್ಲೇ ಬಿಟ್ಟಳು. ಗೋಡೆ ತನ್ನದು ಎನ್ನುವುದಕ್ಕೆ ಏನಾದರೂ ಒಂದು ಗುರುತು ಬೇಡವೇ.

ಸೇತುವೆಯ ಕೆಳಗೆ ನೀರಿನ ಮೇಲಿಂದ ಗಾಳಿ ಬರುತ್ತಿತ್ತು. ಕಂಬದ ಒಂದು ಬದಿಗೆ ಸಾಣೆಯ ಚಾಪೆ. ಇನ್ನೊಂದು ಬದಿ, ಅವಳ ಗಂಡ ಮಲಗುತ್ತಿದ್ದ ಕಡೆ, ಗುಡಿಸಿ ಖಾಲಿ ಬಿಟ್ಟಿತ್ತು. ಇಷ್ಟು ವರ್ಷ ಅಲ್ಲಿ ಸಾಣೆ ಒಂದು ಡಬ್ಬಿಯನ್ನೂ ಇಟ್ಟಿರಲಿಲ್ಲ. ಅಲ್ಲೇ ಮಲಗಿದಳು, ಹಾಳು ನಿದ್ದೆ ಎಷ್ಟೋ ವರ್ಷದ ಬಾಕಿ ತೀರಿಸುವ ಹಾಗೆ ಬಂತು.

ನಿದ್ದೆ ಬಂದರೂ ನೆಮ್ಮದಿ ಬರಲಿಲ್ಲ. ಆಗಾಗ ಓಣಿಯ ತುದಿಗೆ ಹೋಗಿ ದೀಪದ ಕಂಬದ ಮರೆಯಿಂದ ಇಣುಕುತ್ತಿದ್ದಳು, ತನ್ನ ಗೋಡೆಗೆ ತಾನೇ ಕಳ್ಳಿಯಾದ ಹಾಗೆ. ಗೋಡೆ ಇತ್ತು, ಪೆಟ್ಟಿಗೆ ಇತ್ತು, ಸಾಣೆ ಇದ್ದ. ಸೈಕಲ್ಲನ್ನು ಅಲ್ಲೇ ನಿಲ್ಲಿಸಿಕೊಂಡು, ಬಂದ ಚಾಕುಗಳನ್ನು ಮಸೆಯುತ್ತಿದ್ದ. ಮೈತುಂಬ ಬೆವರುಸಾಲೆ ಎದ್ದಿತ್ತು. ಅಂಗಿ ಬರಬರುತ್ತ ದೊಡ್ಡದಾಗುತ್ತಿತ್ತು, ಅಂದರೆ ಒಳಗಿನ ಮನುಷ್ಯ ಸಣ್ಣಗಾಗುತ್ತಿದ್ದ. ಚಳಿಯೇ ವಾಸಿ ಅನ್ನುತ್ತಿದ್ದವನಿಗೆ ಸೆಕೆ ಅಂದರೇನು ಅಂತ ಗೊತ್ತಾಗಲಿ ಎಂದುಕೊಂಡು ಬರುತ್ತಿದ್ದಳು. ಸೇತುವೆ ತಲುಪುವಷ್ಟರಲ್ಲಿ ಹಾಗೆ ಅಂದುಕೊಂಡದ್ದಕ್ಕೆ ತನ್ನ ಮೇಲೆಯೇ ಸಿಟ್ಟು ಬಂದಿರುತ್ತಿತ್ತು.

ಬೇಸಿಗೆ ಕಳೆಯಿತು, ಮಳೆ ಬಂದು ಹೋಯಿತು. ಮೊದಲ ತಣ್ಣನೆ ಗಾಳಿ ಬೀಸಿದ ಬೆಳಿಗ್ಗೆ ಅವಳು ಗಂಟು ಕಟ್ಟಿಕೊಂಡು ಜಗಳಕ್ಕೆ ಸಿದ್ಧಳಾಗಿಯೇ ಓಣಿಗೆ ಬಂದಳು. ಏನೇನು ಅನ್ನಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದಳು. ಸಾಣೆ ಆಗಲೇ ಚಾಪೆ ಸುತ್ತಿ ಸೈಕಲ್ಲಿಗೆ ಕಟ್ಟಿ ನಿಂತಿದ್ದ. ಬಂದ್ರಾ ಅತ್ತಿಗೆ ಎಂದ, ಹೊರಟ. ಜೋಡಿಸಿಕೊಂಡ ಮಾತೆಲ್ಲ ಅವಳ ಬಾಯಲ್ಲೇ ಉಳಿಯಿತು.

ಕೂತಳು. ಬೆನ್ನು ಬೆಚ್ಚಗಾಯಿತು. ಕಪ್ಪು ಗುಂಡಿ ಬೇಕೆಂದು ಪೆಟ್ಟಿಗೆಯನ್ನು ಹತ್ತಿರಕ್ಕೆ ಎಳೆದಾಗ ಅದರ ಅಡಿಯ ಜಾಗ ಕಾಣಿಸಿತು. ವರ್ಷಗಟ್ಟಲೆಯ ಕಸ, ದಾರದ ತುಣುಕು, ಜೇಡದ ಬಲೆ ಇರಬೇಕಾದ ಕಡೆ ನೆಲ ಸ್ವಚ್ಛವಾಗಿತ್ತು. ಯಾರೋ ಪೆಟ್ಟಿಗೆ ಎತ್ತಿ, ಗುಡಿಸಿ, ಮತ್ತೆ ಇದ್ದಲ್ಲೇ ಇಟ್ಟಿದ್ದರು. ಯಾರೋ ಏನು ಬಂತು, ಅವನೇ. ಪೆಟ್ಟಿಗೆ ಎತ್ತಿದವನು ಗೋಡೆ ಮುಟ್ಟಿ ನೋಡದೆ ಇರುತ್ತಾನೆಯೇ. ಅಲ್ಲಿ ಇನ್ನೊಬ್ಬರು ಕೂರುವಷ್ಟು ಬಿಸಿ ಇದೆ ಎಂದು ಅವನಿಗೆ ಬೇಸಿಗೆಯಿಂದಲೇ ಗೊತ್ತಿತ್ತು. ಗೊತ್ತಿದ್ದೂ, ಬಂದ್ರಾ ಅತ್ತಿಗೆ ಅಂತಷ್ಟೇ ಹೇಳಿ ಹೋಗಿದ್ದ. ಗುಂಡಿಯಕ್ಕನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ನಾಚಿಕೆ ಇದ್ದವರು ಕೂಡಲೇ ಎದ್ದು ಹೋಗಿ ಕರೆಯುತ್ತಾರೆ. ಇನ್ನೂ ಹೆಚ್ಚು ನಾಚಿಕೆ ಇದ್ದವರಿಗೆ ಅದೂ ಆಗುವುದಿಲ್ಲ. ಇವತ್ತು ಹೋಗುತ್ತೇನೆ, ನಾಳೆ ಹೋಗುತ್ತೇನೆ ಎನ್ನುತ್ತ ದಿನ ದೂಡಿದಳು. ಒಂದು ಬೆಳಿಗ್ಗೆ ಬಕೆಟ್ಟಿನ ನೀರಿನ ಮೇಲೆ ಗಾಜಿನಂಥ ಮಂಜಿನ ಪದರ ಕಟ್ಟಿತ್ತು. ಗಂಡ ಏಳದೇ ಹೋದ ದಿನವೂ ಹೀಗೇ ಕಟ್ಟಿತ್ತು. ಪೆಟ್ಟಿಗೆಯನ್ನು ಗೋಡೆಯಿಂದ ಆಚೆ ಎಳೆದಿಟ್ಟಳು. ಗೋಡೆಯ ಮೇಲೆ ಒಂದು ಕಣ್ಣಿಡು ಎಂದು ಒಲೆಯ ಆಳಿಗೆ ಹೇಳಿ, ಕಾಲುವೆಯ ಕಡೆ ಓಡಿದಳು.

ದೂರದಿಂದಲೇ ಸಾಣೆಕಲ್ಲಿನ ಸದ್ದು ಕೇಳಿಸಿತು, ಉಸಿರು ಮರಳಿತು. ಹತ್ತಿರ ಹೋಗಿ ನೋಡಿದರೆ ಅವನ ಕೈಯಲ್ಲಿ ಚಾಕೂ ಇಲ್ಲ, ಕತ್ತರಿಯೂ ಇಲ್ಲ. ಬರಿದೇ ಕೂತು ತುಳಿಯುತ್ತಿದ್ದ, ಮೈ ಬಿಸಿಯಾಗಲಿ ಎಂದು. ಕೋಟಿಗೆ ಒಂದೂ ಗುಂಡಿಯಿರಲಿಲ್ಲ. ಗುಂಡಿ ಹಚ್ಚುವವಳ ಮೈದುನ.

"ಗೋಡೆ ಇಬ್ಬರಿಗೆ ಸಾಕಾಗುತ್ತೆ ಕಣೋ," ಎಂದಳು. "ಅವತ್ತು ಸುಳ್ಳು ಹೇಳಿದೆ."

"ಗೊತ್ತು ಅತ್ತಿಗೆ."

"ಹಾಗಾದ್ರೆ ಏಳು. ಚಾಪೆ ಸುತ್ತು."

ಅವನು ತುಳಿಯುವುದನ್ನು ನಿಲ್ಲಿಸಲಿಲ್ಲ. "ನಾನು ಬಂದ್ರೆ ಈ ಜಾಗ ಯಾರು ಕಾಯ್ತಾರೆ? ಇವತ್ತು ಬಿಟ್ರೆ ನಾಳೆ ಇನ್ನೊಬ್ಬ ಬಂದು ಮಲಗ್ತಾನೆ. ಆಮೇಲೆ ಬೇಸಿಗೆಗೆ ನೀವೆಲ್ಲಿಗೆ ಹೋಗ್ತೀರ?"

ಇಷ್ಟು ವರ್ಷ ಅವಳೇ ಆಡಿದ ಮಾತು ಅದು, ಈಗ ಅವನ ಒಡೆದ ತುಟಿಯಿಂದ ಬಂದಿತ್ತು. ಬೇಸಿಗೆಯ ಚಿಂತೆ ಬೇಸಿಗೆಗೆ ಎಂದು ಗದರಿದಳು. ಅಣ್ಣನ ಆಣೆ ಹಾಕಿದಳು. ಅತ್ತಳು. ಅವನು ಎಲ್ಲವನ್ನೂ ಕೇಳಿಸಿಕೊಂಡು, ನನಗೆ ಚಳಿಯೇ ಇಷ್ಟ ಅಂತ ನಿಮಗೆ ಗೊತ್ತಲ್ಲ ಎಂದು ನಗಲು ನೋಡಿದ. ಹಲ್ಲು ಕಟಕಟಿಸಿ ನಗು ಸರಿಯಾಗಿ ಬರಲಿಲ್ಲ.

ಕೊನೆಗೆ ಅವಳು ಸೊಂಟದ ಚೀಲದಿಂದ ಸೂಜಿ ತೆಗೆದಳು. ಅವನನ್ನು ಎದ್ದು ನಿಲ್ಲಿಸಿ, ತೊಟ್ಟ ಕೋಟಿನ ಮೇಲೆಯೇ, ಕೆಳಗಿನಿಂದ ಕುತ್ತಿಗೆಯವರೆಗೆ ಗುಂಡಿ ಹಚ್ಚಿದಳು. ಚೀಲದಲ್ಲಿದ್ದ ಗುಂಡಿಗಳು ಒಂದೊಂದು ಬಣ್ಣದವು. ದಾರ ಹಲ್ಲಿನಿಂದ ಕಡಿಯುವಾಗ ಅವನ ಎದೆಯ ನಡುಕ ಅವಳ ಹಣೆಗೆ ತಾಗುತ್ತಿತ್ತು. ತನ್ನ ಶಾಲನ್ನೂ ಅವನ ತಲೆಗೆ ಸುತ್ತಿದಳು. ಇನ್ನು ಮಾಡಲು ಏನೂ ಉಳಿದಿರಲಿಲ್ಲ. ಅಲ್ಲೇ ಕೂತರೆ ಗೋಡೆ ಹೋಗುತ್ತಿತ್ತು, ಗೋಡೆ ಹೋದರೆ ಇಬ್ಬರಿಗೂ ಏನೂ ಇಲ್ಲ. ಪ್ರತಿದಿನ ಬೆಳಿಗ್ಗೆ ಬಂದು ನೋಡುತ್ತೇನೆ ಎಂದು ಹೇಳಿ ಹೊರಟಳು. ಎದ್ದಿರು ಎಂದು ಹೇಳಬೇಕೆಂದಿದ್ದಳು, ಬಾಯಿ ಬರಲಿಲ್ಲ.

ಗೋಡೆ ಹಾಗೇ ಇತ್ತು. ಒರಗಿ ಕೂತಳು. ಪಕ್ಕದ ಖಾಲಿ ಅರ್ಧಕ್ಕೆ ಅಂಗೈ ಒತ್ತಿದಳು, ಬಿಸಿ ಬಿಸಿಯಾಗಿತ್ತು. ಅಷ್ಟೂ ಬಿಸಿ ಸುಮ್ಮನೆ ಓಣಿಯ ಗಾಳಿಗೆ ಹೋಗುತ್ತಿತ್ತು.

ಸಂಜೆಯ ಹೊತ್ತಿಗೆ ಹೆಗಲಿಗೆ ಕಂಬಳಿ ಹಾಕಿಕೊಂಡ ಹೆಂಗಸೊಬ್ಬಳು ಓಣಿಗೆ ಬಂದಳು, ಬಯಲಿಗೆ ಹೊಸಬಳು ಅನ್ನುವುದು ಅವಳು ನಿಂತ ರೀತಿಯಲ್ಲೇ ಗೊತ್ತಾಗುತ್ತಿತ್ತು. ಆ ಕಡೆ ಜಾಗ ಖಾಲಿ ಇದೆಯಾ ಅಕ್ಕ, ಇದೊಂದು ರಾತ್ರಿ ಕಳೆಯಲಾ ಎಂದು ಕೇಳಿದಳು. ಗುಂಡಿಯಕ್ಕ ಪಕ್ಕದ ಖಾಲಿ ಅರ್ಧದ ಕಡೆ ನೋಡಿದಳು.

"ಇಲ್ಲಮ್ಮ," ಎಂದಳು. "ಅಲ್ಲಿ ನಮ್ಮ ಜನ ಇದ್ದಾರೆ."

ಆಮೇಲೆ ಪೆಟ್ಟಿಗೆಯನ್ನು ಮತ್ತೆ ಅಲ್ಲಿಗೇ ಎಳೆದಿಟ್ಟಳು.