ಡ್ರೈವಿಂಗ್ ಮೇಷ್ಟ್ರ ಹೊಸ ಹೆಡ್‌ಲೈಟು

ಎದುರಿಗೆ ಗಾಡಿ ಬಂದರೆ ಲೈಟು ಡಿಮ್ ಮಾಡಬೇಕು ಎಂದು ಮೂವತ್ತು ವರ್ಷ ಶಿಷ್ಯರ ತಲೆಗೆ ಮೊಟಕಿದ ಡ್ರೈವಿಂಗ್ ಮೇಷ್ಟ್ರಿಗೆ ಇಳಿವಯಸ್ಸಿನಲ್ಲಿ ಎಲ್‌ಇಡಿ ಹುಚ್ಚು ಹಿಡಿಯಿತು. ಕಾರಿನ ಹಳದಿ ಬಲ್ಬು 'ಮುದುಕರ ದೀಪ'ವಂತೆ! ಅದನ್ನು ಕಿತ್ತೆಸೆದು, ಕಣ್ಣು ಕುಕ್ಕುವ ಬಿಳಿ ದೀಪ ಹಾಕಿಸಿದರು. ಎದುರು ಬಂದವರು ಕಣ್ಣಿಗೆ ಕೈ ಅಡ್ಡ ಹಿಡಿದು ಬಾಯಿಗೆ ಬಂದಂತೆ ಬೈದರೆ, "ಹೊಟ್ಟೆಕಿಚ್ಚು ಕಣೇ" ಎಂದು ಹೆಂಡತಿಯ ಮುಂದೆ ಬೀಗುತ್ತಿದ್ದರು.

ಮೊನ್ನೆ ನಸುಕಿನಲ್ಲೇ ಇಬ್ಬರೂ ಮಗಳ ಮನೆಗೆ ಹೊರಟರು. ಊರಾಚೆ ದಟ್ಟ ಮಂಜು. ಆ ಬಿಳಿ ಬೆಳಕೆಲ್ಲ ಮಂಜಿಗೆ ಬಡಿದು ವಾಪಸ್ ಮೇಷ್ಟ್ರ ಕಣ್ಣಿಗೇ ರಾಚಿತು. ಎದುರಿಗೆ ಸುಣ್ಣ ಬಳಿದ ಗೋಡೆ ನಿಂತಂತಿತ್ತು. ರಸ್ತೆಯೂ ಇಲ್ಲ, ಅಂಚೂ ಇಲ್ಲ. ಕೊನೆಗೆ ದೀಪ ಆರಿಸಿ, "ಸ್ವಲ್ಪ ಇಳಿದು ದಾರಿ ನೋಡ್ತೀಯೇನೇ?" ಎಂದರು, ಮೆತ್ತಗೆ.

ಹೆಂಡತಿ ಸೀಟಿನ ಕೆಳಗಿದ್ದ ಹಳೇ ಟಾರ್ಚು ಹಿಡಿದು ಮುಂದೆ ನಡೆದಳು. ಆ ಹಳದಿ ಬೆಳಕಿನ ಹಿಂದೆ ಕಾರು ಕರುವಿನ ಹಾಗೆ ಬಂತು.

ಸೈಕಲ್ಲಿನಲ್ಲಿ ಬಂದ ಪೇಪರಿನವನು, ಮೇಷ್ಟ್ರ ಹಳೇ ಶಿಷ್ಯ, ಗಾಬರಿಯಾಗಿ ಕೇಳಿದ: "ಏನಮ್ಮಾ, ಲೈಟು ಕೆಟ್ಟುಹೋಯ್ತಾ?"

"ಇಲ್ಲಪ್ಪ, ನಿಮಗೆಲ್ಲ ಡಿಮ್ ಮಾಡೋದು ಕಲಿಸಿದ್ರಲ್ಲ, ಇವತ್ತು ತಾವೂ ಕಲಿತ್ರು."