ಹಳೆಯ ಭಂಡಾರದ ಚೀಲ

ಅಪ್ಪ ಮೈಲಾರಲಿಂಗನ ಸೇವೆಗೆ ದೀಕ್ಷೆ ಪಡೆದ ಗೊರವ. ಕರಿ ಕಂಬಳಿಯ ಮೇಲೆ ಹೆಗಲಿಗೆ ಅವನು ಹಾಕಿಕೊಳ್ಳುವ ಚರ್ಮದ ಚೀಲದಲ್ಲಿ ಭಂಡಾರ, ಅಂದರೆ ದೇವರ ಅರಿಶಿನ ಇರುತ್ತದೆ. ನಮ್ಮ ಮನೆತನದಲ್ಲಿ ಆ ಚೀಲವೂ ದೇವರೇ. ಹೋದ ವರ್ಷ ಅದರ ಹೊಲಿಗೆ ಬಿಟ್ಟಿತು. ಅಪ್ಪ ಹೊಸದು ಮಾಡಿಸಿದ.

ಹಡಗಲಿಯ ಹೈಸ್ಕೂಲಿನಲ್ಲಿ ಇತಿಹಾಸ ಹೇಳುವ ನನ್ನ ಬಾಯಿ ಸುಮ್ಮನಿರಬೇಕಲ್ಲ. ಊರಿಗೆ ಹೋದಾಗ, "ಅಪ್ಪಾ, ಹಳೇ ಚೀಲ ನನಗ ಕೊಡು. ಸಾಲ್ಯಾಗ ಗಾಜಿನ ಬೀರುದಾಗ ಇಡ್ತೀನಿ, ಹುಡುಗ್ರು ನೋಡ್ಲಿ" ಎಂದೆ. ಅಪ್ಪ ಎದ್ದು ಹೊರಗೆ ಹೋದ. ಆಮೇಲೆ ವಾರವಿಡೀ ಫೋನ್ ಮಾಡಿದರೂ ಅವ್ವನೇ ಎತ್ತಿದಳು. ತಪ್ಪೇನೆಂದು ತಿಳಿಯದೆ ನಾನೂ ಮುಖ ಊದಿಸಿಕೊಂಡೆ.

ಆ ವಾರವೇ ಪಾಠಕ್ಕೆಂದು ಹಿಟ್ಟೈಟರ ಬಗ್ಗೆ ಓದುತ್ತಿದ್ದೆ. ಮೂರು ಸಾವಿರ ವರ್ಷಗಳಿಗೂ ಹಿಂದೆ ಈಗಿನ ಟರ್ಕಿಯ ನೆಲವನ್ನು ಆಳಿದ ಜನ. ಅವರು ಗುಡಿಯಲ್ಲಿ ಚರ್ಮದ ಚೀಲವನ್ನು ದೇವರೆಂದು ತೂಗುಹಾಕುತ್ತಿದ್ದರಂತೆ. ಅದು ಹಳತಾದರೆ ಹೊಸದು ಮಾಡಿಸಿ, ಹಳೆಯದಕ್ಕೆ ಬೇರೆ ಹೆಸರಿಟ್ಟು, ಇನ್ನೊಂದು ಊರಿಗೆ ಪೂಜೆಗೆ ಕಳಿಸಿದ್ದನ್ನು ಮಣ್ಣಿನ ಹಲಗೆಯ ಮೇಲೆ ಬರೆದಿಟ್ಟಿದ್ದಾರೆ. ಅವರಿಗೂ ನಮಗೂ ನಂಟು ಕಟ್ಟುವಷ್ಟು ದಡ್ಡ ನಾನಲ್ಲ. ಆದರೂ ಎಲ್ಲಿಯ ಟರ್ಕಿ, ಎಲ್ಲಿಯ ಮೈಲಾರ! ಪುಸ್ತಕ ಮುಚ್ಚಿದೆ. ಗಾಜಿನೊಳಗೆ ಏನನ್ನು ಕೂಡಿಹಾಕಲು ಹೊರಟಿದ್ದೆನೆಂದು ಹೊಳೆದು ನಾಚಿಕೆಯಾಯಿತು.

ಭಾನುವಾರ ಊರಿನ ಬಸ್ಸು ಹತ್ತಿದೆ. ಅಪ್ಪನ ಮುಂದೆ ಕೂತು ಎಲ್ಲ ಹೇಳಿದೆ. ಅವನಿಗೆ ಬೆರಗೇನೂ ಆಗಲಿಲ್ಲ.

"ಮತ್ತೇನು ಮಾಡ್ತಾರಲೇ ಮಾಸ್ತರ? ನಮ್ಮಪ್ಪನ ಚೀಲ ಕೊಟ್ಟೂರಾಗ ನಿಮ್ಮತ್ತಿ ಮನಿ ದೇವ್ರ ಜಗಲಿ ಮ್ಯಾಲ ಐತಲ್ಲ" ಎಂದ. ಆಮೇಲೆ, "ಆ ಮಂದಿ ಈಗ ಎಲ್ಲಿ ಅದಾರ?" ಎಂದು ಕೇಳಿದ.

"ಯಾರೂ ಇಲ್ಲಪಾ. ಊರು ಹಾಳುಬಿದ್ದೈತಿ. ಬರೇ ಕಲ್ಲು."

"ಹಂಗಾರ ಆ ದೇವ್ರಿಗೆ ಭಂಡಾರ ಹಾಕೋರು ಯಾರು?"

ನಾನು ಓದಿದ ಯಾವ ಪುಸ್ತಕವೂ ಇದನ್ನು ಕೇಳಿರಲಿಲ್ಲ. ಅಪ್ಪ ಒಳಗಿಂದ ಹಳೆಯ ಚೀಲ ತಂದು ನನ್ನ ಕೈಗಿಟ್ಟ. "ಇದು ಹಡಗಲಿಗೆ ಹೋಗ್ಲಿ. ಗಾಜಿನಾಗಲ್ಲ, ನಿನ್ನ ಜಗಲಿ ಮ್ಯಾಲ. ಮೈಲಾರಪ್ಪಗ ಒಂದು ಚಿಟಿಕಿ ಹಾಕು, ಅವ್ರ ದೇವ್ರಿಗೂ ಒಂದು ಚಿಟಿಕಿ ಹಾಕು."

ಈಗ ಪ್ರತಿ ಭಾನುವಾರ ಎರಡು ಚಿಟಿಕೆ ಹಾಕುತ್ತೇನೆ. ಮೊದಲನೆಯದಕ್ಕೆ ಮೈಲಾರಪ್ಪನ ಘೋಷದಂತೆ 'ಏಳುಕೋಟಿ' ಎನ್ನುತ್ತೇನೆ. ಎರಡನೆಯದಕ್ಕೆ ಏನನ್ನಬೇಕೆಂದು ಹೇಳಿಕೊಡಲು ಯಾರೂ ಉಳಿದಿಲ್ಲ. ಸುಮ್ಮನೆ ಕೈ ಮುಗಿಯುತ್ತೇನೆ.